ಚರಗದ ಬುತ್ತಿ ಕಟ್ಟಿಕೊಂಡು ಮಾನ್ವಿಗೆ

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಸಂಕ್ರಾಂತಿ ಕಳೆಯಲಿ ಎಂದೆ, ಯುಗಾದಿ ಕಳೆಯಲಿ ಎಂದೆ. ಬಿಸಿಲು ಬಂದಾಗ ಕಾಗದಕ್ಕೆ ಬೆವರು ಹತ್ತುತ್ತದೆ ಎಂದು ಅದನ್ನೇ ನೆಪ ಮಾಡಿದೆ. ಮಳೆಯೂ ಬಂದು ಹೋಯಿತು. ಈಗ ಮತ್ತೆ ಬೆಳಿಗ್ಗೆ ಎದ್ದು ಮಂಕಿ ಟೋಪಿ ಹುಡುಕುವ ದಿನಗಳು ಬಂದಿವೆ. ಇನ್ನು ನೆಪ ಉಳಿದಿಲ್ಲ.

ನಾವು ಕೆಲವು ಮುದುಕರು ದಿನಾ ಬೆಳಿಗ್ಗೆ ಕೂಡಿ ನಡೆದಾಡುತ್ತೇವೆ. ನಮ್ಮಲ್ಲಿ ಒಬ್ಬರು ದುಬೈ ನೋಡಿದ್ದಾರೆ, ಒಬ್ಬರು ನೇಪಾಳಕ್ಕೆ ಹೋಗಿ ಬಂದಿದ್ದಾರೆ. ನಾನು ಹೋದದ್ದು ಮಾನ್ವಿಗೆ. ರಾಯಚೂರಿನಲ್ಲಿ ಬಸ್ಸು ಹತ್ತಿ ಕೂತರೆ ಒಂದು ನಿದ್ದೆ ಮುಗಿಯುವುದರೊಳಗೆ ಬರುವ ಊರು. ನಾನು ಸೈಕಲ್ ತುಳಿದು, ಗಬ್ಬೂರು, ಗೂಗಲ್, ದೇವದುರ್ಗ ಎಲ್ಲ ಸುತ್ತಿ, ಮೂರನೆಯ ದಿನ ಅಲ್ಲಿಗೆ ಮುಟ್ಟಿದೆ. ಹೇಳಿದರೆ ಗೆಳೆಯರು ನಗುತ್ತಾರೆ. ಆದರೆ ನನ್ನ ಪಾಲಿಗೆ ಅದಕ್ಕಿಂತ ದೂರದ ದೇಶ ಇರಲಿಲ್ಲ. ಹೋಗಬೇಕು ಎಂದುಕೊಂಡಾಗ ನನಗಿನ್ನೂ ಕಪ್ಪು ಕೂದಲಿದ್ದವು.

ಮಾನ್ವಿಯಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ. ಅವನಿಗೆ ನಾನು ಒಂದು ಅನ್ಯಾಯ ಮಾಡಿದ್ದೇನೆ. ಅವನ ಹೆಸರು ಬರೆಯಲು ಈಗ ಕೈ ಬರುತ್ತಿಲ್ಲ. ಬರೆಯುತ್ತ ಹೋದ ಹಾಗೆ ಬಂದೀತು.

ರಾಯಚೂರು

ಎಳ್ಳ ಅಮಾವಾಸ್ಯೆ ನಮ್ಮ ಕಡೆ ಹೊಲದ ಹಬ್ಬ. ಚಳಿಗಾಲದ ನಡುವೆ, ಜೋಳ ತೆನೆ ಬಿಚ್ಚುವ ಹೊತ್ತಿಗೆ, ಮನೆಮಂದಿಯೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಬಡಿಸುವುದು ಅವತ್ತಿನ ಕೆಲಸ. ಕಡುಬು, ಪಲ್ಯ, ಅನ್ನ ಕಲಸಿ ಬೆಳೆಯ ನಡುವೆ ಎರಚುತ್ತ ಹೋಗುವುದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಆಮೇಲೆ ಮರದ ಕೆಳಗೆ ಕೂತು ಎಲ್ಲರೂ ಉಣ್ಣುವುದು. ಅವತ್ತಿಗೆ ಒಂದು ಕಟ್ಟಳೆ ಇದೆ. ಹೊಲದ ಪಕ್ಕದ ಹಾದಿಯಲ್ಲಿ ಯಾರೇ ಹೋಗಲಿ, ಅವರನ್ನು ಕೂಗಿ ಊಟಕ್ಕೆ ಕರೆಯಬೇಕು. ಗುರುತಿನವರೇ ಆಗಬೇಕೆಂದಿಲ್ಲ. ಹಾದಿಯವರನ್ನು ಕರೆಯದೆ ಬಿಟ್ಟರೆ ಚೆಲ್ಲಿದ ಚರಗ ಭೂಮಿಗೆ ಮುಟ್ಟುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು.

ಕಳೆದ ವರ್ಷ ಆ ಹಬ್ಬ ಹತ್ತಿರ ಬಂದಾಗ, ನಮ್ಮ ಮಿಲ್ಲಿನ ಹಳೆಯ ಹಮಾಲನೊಬ್ಬ ತೀನ್ ಕಂದೀಲ್ ಚೌಕದ ಹತ್ತಿರ ಸಿಕ್ಕ. ನಾನು ಮೆಟ್ರಿಕ್ ಮುಗಿಸಿ ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲೇ ಹಣ್ಣಾದವನು. ಅದೂ ಇದೂ ಮಾತಾಡಿ ಅವನು ಹೊರಡುವಾಗ ಹೇಳಿದ: "ನಿಮ್ಮ ದೋಸ್ತ ಮಾನ್ವ್ಯಾಗ ಮಗಳ ಮನ್ಯಾಗ ಅದಾನ್ರಿ. ಭಾಳ ಮೆತ್ತಗಾಗ್ಯಾನ. ನೋಡಿದ್ರ ಈಗ ನೋಡಿ ಬರ್ರಿ."

ಮನೆಗೆ ಬಂದು ಅಟ್ಟದ ಮೇಲಿನ ಸೈಕಲ್ ಇಳಿಸಿದೆ. ಆ ಸೈಕಲ್ ಮಾನ್ವಿಯ ಗೆಳೆಯನೇ ಜೋಡಿಸಿ ಕೊಟ್ಟದ್ದು. ಮಿಲ್ಲಿನ ಗೇಟಿನ ಎದುರಿಗೆ ಅವನದೊಂದು ಬಾಡಿಗೆ ಸೈಕಲ್ ಅಂಗಡಿ ಇತ್ತು. ಒಂದರ ರಿಮ್ಮು, ಇನ್ನೊಂದರ ಕ್ಯಾರಿಯರ್ ಸೇರಿಸಿ, ನನ್ನ ಮದುವೆಗೆಂದು ಮಾಡಿಕೊಟ್ಟಿದ್ದ. ಚಿಕ್ಕಂದಿನಲ್ಲಿ, ಸೀಟಿನ ಮೇಲೆ ಕೂತರೆ ಕಾಲು ನಿಲುಕದ ಕಾಲದಲ್ಲಿ, ನಡುವಿನ ಪೈಪಿನ ಕೆಳಗಿಂದ ಕಾಲು ತೂರಿಸಿ ಸೈಕಲ್ ಹೊಡೆಯುವುದನ್ನು ನನಗೆ ಕಲಿಸಿದವನೂ ಅವನೇ. ಎರಡು ಸಲ ಬೆಲ್ಲು ಹೊಡೆದರೆ ಬಂದೆ ಎಂದು ಅರ್ಥ. ಅದು ನಮ್ಮಿಬ್ಬರ ಗುರುತು.

"ಮಾನ್ವಿಗೆ ಹೊತ್ತಿಗೊಂದು ಬಸ್ಸದಾವ. ಸೈಕಲ್ ಮ್ಯಾಗ ಹೋಗಾಕ ನೀವೇನು ಟಪಾಲಿನವ್ರೇನು?" ಎಂದಳು ನನ್ನ ಹೆಂಡತಿ ಬಸಮ್ಮ.

"ಬಸ್ಸಿನ್ಯಾಗ ಹೋದ್ರ ಅವನ ಮನಿ ಮುಂದ ಬೆಲ್ಲು ಹ್ಯಾಂಗ ಹೊಡಿಲಿ?" ಎಂದೆ.

ನಡೆದದ್ದು ಈ ಭೂಮಿಯ ಮೇಲೆ ಅವಳೊಬ್ಬಳಿಗೆ ಗೊತ್ತು. ಶೇಂಗಾದ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಗುರೆಳ್ಳು ಚಟ್ನಿ, ಚಳಿಯಲ್ಲಿ ನಾಲ್ಕು ದಿನ ಇಟ್ಟರೂ ಕೆಡದವನ್ನೇ ಮಾಡಿ, ಬಿಳಿ ಬಟ್ಟೆಯಲ್ಲಿ ಬುತ್ತಿ ಕಟ್ಟಿದಳು. "ಇದನ್ನ ಹಾದ್ಯಾಗ ನೀವ ತಿಂದೀರಿ ಮತ್ತ," ಎಂದು ಬೆದರಿಸಿ ಕ್ಯಾರಿಯರಿಗೆ ಸಿಕ್ಕಿಸಿದಳು. ಸ್ವೆಟರ್ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದಿಸಿದ್ದು ನೋಡಿ ಸೊಸೆ ಹೇಳಿದಳು: "ಮಾವಾ, ನೀವು ಮಾನ್ವಿಗೆ ಹೊಂಟೀರೋ, ಕಾಶ್ಮೀರಕ್ಕ ಹೊಂಟೀರೋ?"

ಗಬ್ಬೂರಿನ ಹಾದಿ

ರಾಯಚೂರಿನ ಚಳಿಯನ್ನು ಹೊರಗಿನವರು ನಂಬುವುದಿಲ್ಲ. ನಾವೂ ಮಧ್ಯಾಹ್ನವಾದರೆ ನಂಬುವುದಿಲ್ಲ. ಬೆಳಿಗ್ಗೆ ಹ್ಯಾಂಡಲ್ ಹಿಡಿದ ಬೆರಳು ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಕಲ್ಮಲ ದಾಟುವ ಹೊತ್ತಿಗೆ ಶಾಲು ಬಿಚ್ಚಿದೆ, ಆಮೇಲೆ ಕೋಟು, ಆಮೇಲೆ ಸ್ವೆಟರು. ಕ್ಯಾರಿಯರ್ ಮೇಲೆ ಬಟ್ಟೆಯ ಗುಡ್ಡ ಬೆಳೆದು ಬುತ್ತಿ ಅದರಲ್ಲಿ ಮುಚ್ಚಿಹೋಯಿತು.

ಈ ಹಾದಿಯ ಚಳಿಗಾಲಕ್ಕೆ ಒಂದು ಚೆಂದ ಇದೆ. ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಮಿಲ್ಲುಗಳ ಕಡೆ ಹೋಗುತ್ತಿರುತ್ತವೆ. ಹೊರೆ ಎಷ್ಟು ಉಬ್ಬಿರುತ್ತದೆ ಎಂದರೆ ಎರಡೂ ಕಡೆಯ ಜಾಲಿ ಮರಗಳಿಗೆ ಸವರಿಕೊಂಡೇ ಹೋಗಬೇಕು. ಮುಳ್ಳಿಗೆ ಸಿಕ್ಕ ಹತ್ತಿ ಅಲ್ಲೇ ಉಳಿಯುತ್ತದೆ. ಮೈಲಿಗಟ್ಟಲೆ ಜಾಲಿಯೆಲ್ಲ ಬಿಳಿ ಹೂ ಬಿಟ್ಟ ಹಾಗೆ ಕಾಣುತ್ತದೆ. ಒಂದು ಕಡೆ ಕೆಂಪು ಮೆಣಸಿನಕಾಯಿ ಹಾಸಿದ್ದ ಕಣದ ಗಾಳಿ ಮೂಗಿಗೆ ಹೊಡೆದು, ಸೀನುತ್ತ ಸೀನುತ್ತ ಹೋಗಿ ನೆಟ್ಟಗೆ ಆ ಜಾಲಿಯ ಬುಡಕ್ಕೇ ನುಗ್ಗಿದೆ. ಮುಂದಿನ ಗಾಲಿ ಉಸ್ಸೆಂದಿತು.

ತಳ್ಳಿಕೊಂಡು ಬಂದು ಗಬ್ಬೂರಿನಲ್ಲಿ ಪಂಚರ್ ಅಂಗಡಿ ಹುಡುಕಿದೆ. ಅಂಗಡಿಯವನು ಸೈಕಲ್ಲನ್ನೂ ನನ್ನನ್ನೂ ನೋಡಿದ.

"ಯಪ್ಪಾ, ಈ ಇಬ್ಬರೊಳಗ ಯಾರು ಹಿರೇರು?"

"ನಾನೇ ಸ್ವಲ್ಪ ಹಿರಿಯ," ಎಂದೆ.

ಬೆಂಚಿನ ಮೇಲೆ ಕೂತಿದ್ದ ಇನ್ನೊಬ್ಬ ಹೇಳಿದ: "ಮತ್ತೇನ್ ಮಾಡ್ತಾರ ಬಿಡಪ್ಪ. ಹೆಣ್ಮಕ್ಳಿಗೆ ಬಸ್ಸು ಫ್ರೀ ಆದ ಮ್ಯಾಗ ಗಂಡಸರಿಗೆ ಸೀಟ್ ಎಲ್ಲಿ ಸಿಗ್ತಾವ? ಎಲ್ಲಾರೂ ಸೈಕಲ್ ತಗೀಬೇಕಾಗ್ತದ." ಅಂಗಡಿಯವನು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತ ನಕ್ಕ. ಚಹಾ ತರಿಸಿ ನನಗೂ ಕೊಟ್ಟ. ನಮ್ಮ ರಾಯಚೂರಿನಲ್ಲಿ ಚಹಾ ಕೊಟ್ಟರೆ ಕುಡಿದು ಏಳಬೇಕು. ಗಬ್ಬೂರಿನಲ್ಲಿ ಕುಡಿಯುತ್ತ ನಮ್ಮ ಮನೆತನ ಯಾವುದು, ಸೊಸೆ ಯಾವ ಊರವಳು ಎಲ್ಲ ಹೇಳಿ ಮುಗಿಸಿದರೆ ಏಳಲು ಬಿಡುತ್ತಾರೆ.

ನಮ್ಮ ಹೊಲ ಈ ಊರಿನ ಹತ್ತಿರವೇ, ಟಾರು ರಸ್ತೆಯ ಪಕ್ಕಕ್ಕಿದೆ. ಈಗ ನನ್ನ ತಮ್ಮ ಮಾಡಿಸುತ್ತಾನೆ. ರಾತ್ರಿ ಅವನ ಮನೆಯಲ್ಲೇ ಉಳಿಯುವುದು ಎಂದಿತ್ತು. ಇಳಿಹೊತ್ತಿಗೆ ಒಬ್ಬನೇ ಹೋಗಿ ಹೊಲದ ಎದುರು ಸೈಕಲ್ ನಿಲ್ಲಿಸಿದೆ. ಆ ಬೇವಿನ ಮರ ಇನ್ನೂ ಇದೆ.

ನಡೆದದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಪ್ರತಿವರ್ಷ ಎಳ್ಳ ಅಮಾವಾಸ್ಯೆಗೆ ಅವನು ರಾಯಚೂರಿನಿಂದ ಸೈಕಲ್ ತುಳಿದು ನಮ್ಮ ಹೊಲಕ್ಕೆ ಬರುತ್ತಿದ್ದ. ಬರುವಾಗ ಚೀಲದ ತುಂಬ ಬಾರೆಹಣ್ಣು ತರುತ್ತಿದ್ದ. ರಸ್ತೆಯಲ್ಲಿ ನಿಂತು ಎರಡು ಸಲ ಬೆಲ್ಲು ಹೊಡೆಯುವನು. ನಾನು ಮರದ ಕೆಳಗಿಂದ ಅವನ ಹೆಸರು ಹಿಡಿದು ಒದರುವೆ. ಆಮೇಲೆ ಅವನು ಹೊಲಕ್ಕೆ ಇಳಿದು ಬರುವನು. ಕರೆಯದೆ ಇಳಿಯಬಾರದು ಎಂಬುದೂ ಕಟ್ಟಳೆಯೇ. ಅವನು ಬರದೆ ನಮ್ಮವ್ವ ಕಡುಬಿನ ಬುಟ್ಟಿ ಬಿಚ್ಚುತ್ತಿರಲಿಲ್ಲ.

ಒಂದು ವರ್ಷ ಮಿಲ್ಲಿನಲ್ಲಿ ನಾನು ದೊಡ್ಡ ಗುಮಾಸ್ತನಾದೆ. ಆ ಹಿಗ್ಗಿನಲ್ಲಿ ಮ್ಯಾನೇಜರ್ ಸಾಹೇಬರನ್ನೂ ಅವರ ಜೊತೆಯ ಇಬ್ಬರು ವ್ಯಾಪಾರಿಗಳನ್ನೂ ಹಬ್ಬಕ್ಕೆ ಕರೆದೆ. ಅವರು ಜೀಪಿನಲ್ಲಿ ಬಂದರು. ಕಂಬಳಿ ಹಾಸಿ, ಎಲೆ ಹಾಕಿ, ಬಡಿಸಲು ಶುರುಮಾಡಿದ್ದೆವು. ರಸ್ತೆಯಲ್ಲಿ ಬೆಲ್ಲು ಎರಡು ಸಲ ಕೇಳಿತು. ತಲೆಯೆತ್ತಿ ನೋಡಿದೆ. ಅವನೇ. ಅಂಗಡಿಯಿಂದ ನೇರ ಬಂದಿದ್ದ. ಕೈ ಮೊಣಕೈವರೆಗೆ ಗ್ರೀಸಿನ ಕಪ್ಪು, ತಲೆಯ ಮೇಲೆ ಟೋಪಿ, ಹ್ಯಾಂಡಲ್ಲಿಗೆ ಬಾರೆಹಣ್ಣಿನ ಚೀಲ. ಅವನು ನನ್ನ ಪಕ್ಕದಲ್ಲಿ, ಸಾಹೇಬರ ಎದುರಿಗೆ ಬಂದು ಕೂತು, ನನ್ನ ಹೆಗಲ ಮೇಲೆ ಆ ಕೈ ಹಾಕುವುದು ಕಣ್ಣಿಗೆ ಕಟ್ಟಿತು. ನಾನು ತಲೆ ಬಗ್ಗಿಸಿ ಎಲೆಯನ್ನು ನೋಡುತ್ತ ಕೂತೆ. ಕೈಯ ಕಪ್ಪಿಗೆ ನಾಚಿದೆನೋ, ತಲೆಯ ಟೋಪಿಗೆ ನಾಚಿದೆನೋ, ಇವತ್ತಿಗೂ ಬೇರೆ ಮಾಡಿ ಹೇಳಲಾರೆ. ಎರಡೂ ಇದ್ದಿರಬೇಕು.

ಬೆಲ್ಲು ಮತ್ತೆ ಎರಡು ಸಲ ಕೇಳಿತು.

"ಹಾದ್ಯಾಗ ಯಾರೋ ನಿಂತಾರ ನೋಡೋ ಅಯ್ಯಣ್ಣ," ಎಂದಳು ಅವ್ವ. "ಒದರು. ಊಟಕ್ಕ ಕರಿ."

"ಯಾರೋ ಹಾದಿಹೋಕರು ಯವ್ವಾ," ಎಂದೆ. "ಅವರ ಊಟ ಆಗ್ಯಾದಂತ."

ಅವ್ವ ನನ್ನ ಮುಖ ನೋಡಿದಳು. ಸಾಹೇಬರ ಎಲೆಗೆ ಕಡುಬು ಬಡಿಸಲು ಬಗ್ಗಿದಳು. ಸೈಕಲ್ ತಿರುಗಿ ರಾಯಚೂರಿನ ಕಡೆ ಹೋಯಿತು. ಸಾಹೇಬರು ಎದ್ದುಹೋದ ಮೇಲೆ ರಸ್ತೆಗೆ ಬಂದು ನೋಡಿದರೆ, ಬಾರೆಹಣ್ಣಿನ ಚೀಲವನ್ನು ಬೇಲಿಗೆ ಸಿಕ್ಕಿಸಿ ಹೋಗಿದ್ದ.

ಮರುದಿನ ಅಂಗಡಿಯಲ್ಲಿ ಅವನು ಎಂದಿನಂತೆಯೇ ಮಾತಾಡಿದ. ಮುಂದೆಯೂ ನನ್ನ ಸೈಕಲ್ಲಿಗೆ ಎಣ್ಣೆ ಬಿಟ್ಟ, ಬ್ರೇಕು ಬಿಗಿದ. ಆದರೆ ನಮ್ಮ ಹೊಲದ ಹಾದಿಗೆ ಬರಲಿಲ್ಲ, ನನ್ನ ಮನೆಯ ಮುಂದೆ ಬೆಲ್ಲು ಹೊಡೆಯಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ. ಬಾಡಿಗೆ ಸೈಕಲ್ಲಿನ ಕಾಲ ಮುಗಿದು ಅಂಗಡಿ ಮುಚ್ಚಿ, ಅವನು ಮಾನ್ವಿಗೆ ಹೋದ.

ಅವತ್ತಿನ ನನ್ನ ಮಾತು ರಸ್ತೆಗೆ ಕೇಳಿರಲಾರದು ಎಂದು ನಾನು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಈಗ ಮೊದಲ ಸಲ ಅವನು ನಿಂತ ಜಾಗದಲ್ಲಿ ನಿಂತಿದ್ದೆ. ಮರದ ಕೆಳಗೆ ತಮ್ಮನ ಹೆಂಡತಿ ನಾಳಿದ್ದಿನ ಹಬ್ಬಕ್ಕೆ ಜಾಗ ಗುಡಿಸುತ್ತ, ತನ್ನ ಪಾಡಿಗೆ ತಾನು ಮೆಲ್ಲಗೆ ಏನೋ ಅಂದುಕೊಳ್ಳುತ್ತಿದ್ದಳು. ಕಸಬರಿಗೆ ಸವೆದದ್ದಕ್ಕೆ ಬೈಯುತ್ತಿದ್ದಳು. ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು.

ಗೂಗಲ್

ಮರುದಿನ ನೇರ ದೇವದುರ್ಗಕ್ಕೆ ಹೋಗದೆ ಕೃಷ್ಣೆಯ ಕಡೆ ಹೊರಳಿ ಗೂಗಲ್ಲಿಗೆ ಹೋದೆ. ಅಲ್ಲಿ ಹೊಳೆಯ ದಂಡೆಗೆ ಅಲ್ಲಮಪ್ರಭುವಿನ ಗುಡಿ ಇದೆ. ಮಾನ್ವಿಯಲ್ಲಿ ಆಡಬೇಕಾದ ಮಾತನ್ನು ಒಮ್ಮೆ ಅಲ್ಲಿ ಆಡಿ ನೋಡೋಣ ಎಂಬ ಆಸೆ.

ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಕಾಲು ತೊಳೆಯಲು ಮೆಟ್ಟಿಲು ಇಳಿದರೆ, ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳು ಗದರಿದಳು: "ಯಪ್ಪಾ, ಮ್ಯಾಗಿನ ಮೆಟ್ಟಲದಾಗ ನಿಂತು ತೊಳಕೋರಿ. ಮೊಸಳಿ ಅದಾವ."

"ನೀ ನಿಂತೀಯಲ್ಲವ್ವಾ?"

"ನಮ್ಮ ಗುರ್ತು ಅದ ರೀ ಅವಕ್ಕ. ನೀವು ಪರಊರವ್ರು."

ಮೇಲಿನ ಮೆಟ್ಟಿಲಲ್ಲೇ ತೊಳೆದುಕೊಂಡು ಗುಡಿಗೆ ಹೋದೆ. ಕಣ್ಣು ಮುಚ್ಚಿ ಎಲ್ಲವನ್ನೂ ಹೇಳಿಕೊಂಡೆ. ಸಲೀಸಾಗಿ ಬಂತು. ಕಣ್ಣಲ್ಲಿ ನೀರೂ ಬಂತು. ಹೊರಗೆ ಬಂದಾಗ ಎದೆ ಹಗುರಾಗಿತ್ತು, ಇಲ್ಲಿಂದಲೇ ರಾಯಚೂರಿಗೆ ತಿರುಗಿದರೆ ಹೇಗೆ ಎಂದೂ ಅನಿಸಿತು. ಸೈಕಲ್ಲಿನ ಹತ್ತಿರ ಬಂದರೆ ಒಂದು ಕೋತಿ ಕ್ಯಾರಿಯರ್ ಮೇಲಿನ ಬಟ್ಟೆಯ ಗುಡ್ಡ ಕೆದರುತ್ತಿತ್ತು. ಶಾಲು ನೆಲದಲ್ಲಿ, ಸ್ವೆಟರು ಅದರ ಕೈಯಲ್ಲಿ. ಬುತ್ತಿ ಇನ್ನೂ ಸಿಕ್ಕಿರಲಿಲ್ಲ. ನನಗೇ ಗೊತ್ತಿಲ್ಲದ ದನಿಯಲ್ಲಿ ಒದರಿ ಓಡಿದೆ. ಕೋತಿ ಸ್ವೆಟರ್ ಎತ್ತಿಕೊಂಡು ಗುಡಿಯ ಮಾಳಿಗೆ ಹತ್ತಿತು. ಬುತ್ತಿಯನ್ನು ಎದೆಗೆ ಅವುಚಿ ನಿಂತಾಗ ತಿಳಿಯಿತು, ಇದನ್ನು ಮುಟ್ಟಿಸದೆ ಹಿಂದಿರುಗುವುದು ಆಗದ ಮಾತು ಎಂದು. ದೇವರಿಗೆ ಹೇಳಿಕೊಂಡದ್ದು ನನ್ನ ಸುಖಕ್ಕೆ. ಹೊಲದ ದಂಡೆಯಲ್ಲಿ ಹಸಿದು ನಿಂತವನು ಬೇರೆ.

ಸ್ವೆಟರ್ ಅಲ್ಲಿಯೇ ಉಳಿಯಿತು. ಬಸಮ್ಮ ಹೆಣೆದದ್ದು. ಈ ಪ್ರವಾಸದಲ್ಲಿ ನಾನು ಅವಳಿಗೆ ಹೇಳಿದ ಸುಳ್ಳು ಇದೊಂದೇ: ಗಾಳಿಗೆ ಹಾರಿತು ಎಂದೆ.

ದೇವದುರ್ಗ

ದೇವದುರ್ಗ ಮುಟ್ಟಿದಾಗ ತೊಡೆಗಳು ನನ್ನವಲ್ಲ ಎನಿಸಿತ್ತು. ನಾಳೆ ಹಬ್ಬವೆಂದು ಸಂತೆಯ ಹಾಗೆ ಜನ. ಬದನೆಕಾಯಿ, ಹಸಿ ಕಡಲೆ, ಗಜ್ಜರಿ ಚೀಲಗಟ್ಟಲೆ ಹೋಗುತ್ತಿದ್ದವು. ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ಉಂಡು, ಅಲ್ಲಿಯೇ ಇರುವ ಮಠದ ಪಡಸಾಲೆಯಲ್ಲಿ ಮಲಗಲು ಜಾಗ ಕೇಳಿದೆ. ನೋಡಿಕೊಳ್ಳುವ ಅಜ್ಜ ನನಗಿಂತ ಮುದುಕ. ಕಂಬಳಿ ಕೊಟ್ಟು, ಸೈಕಲ್ಲನ್ನು ಒಳಗೆ ತರಿಸಿ, ನನ್ನ ತಲೆದಿಂಬಿನ ಹತ್ತಿರವೇ ನಿಲ್ಲಿಸಿದ.

"ಸೈಕಲ್ ಯಾರೂ ಒಯ್ಯಂಗಿಲ್ಲ ಬಿಡ್ರಿ," ಎಂದೆ.

"ಸೈಕಲ್ ಅಲ್ಲ. ಅದರಾಗ ಹೋಳಿಗಿ ವಾಸನಿ ಬರಾಕತ್ತದ," ಎಂದ ಅಜ್ಜ. "ನನ್ನ ಮ್ಯಾಗ ನನಗ ನಂಬಿಕಿಲ್ಲ."

ಒಂದು ಹೋಳಿಗೆ ತೆಗೆದು ಕೊಟ್ಟೆ. ಬಸಮ್ಮ ನಾನು ತಿನ್ನಬಾರದು ಎಂದಿದ್ದಳು, ಕೊಡಬಾರದು ಎಂದಿರಲಿಲ್ಲ.

ಸಿರವಾರದ ಹಾದಿ

ಹಬ್ಬದ ದಿನ ದೇವದುರ್ಗದಿಂದ ಸಿರವಾರದ ಮೇಲೆ ಮಾನ್ವಿಗೆ ಹೊರಟವನಿಗೆ ಒಂದು ವಿಷಯ ಮರೆತೇ ಹೋಗಿತ್ತು. ಇಷ್ಟು ವರ್ಷ ನಾನು ಹೊಲದಲ್ಲಿ ಕೂತು ಕರೆದವನು, ಹಾದಿಯಲ್ಲಿ ನಿಂತು ಕರೆಸಿಕೊಂಡವನಲ್ಲ. ಬಿಸಿಲೇರುತ್ತಲೇ ಎರಡೂ ಕಡೆಯ ಹೊಲಗಳಲ್ಲಿ ಬಂಡಿಗಳು, ಟ್ರ್ಯಾಕ್ಟರುಗಳು, ಬಣ್ಣದ ಸೀರೆಗಳು ಕಾಣಿಸಿದವು. ಒಬ್ಬ ಮುಂದೆ ಚರಗ ಚೆಲ್ಲುತ್ತ ಕೂಗುವನು, ಹಿಂದಿನವನು ನೀರು ಚಿಮುಕಿಸುತ್ತ ದನಿಗೂಡಿಸುವನು. ಅದು ಮುಗಿಯುತ್ತಲೇ ಹಾದಿಯ ಮೇಲೆ ಕಣ್ಣು.

"ಓ ಸೈಕಲ್ ಯಪ್ಪಾ! ಬರ್ರಿ, ಊಟ ಮಾಡ್ಕೊಂಡು ಹೋಗ್ರಿ!"

ಸಂಜೆಯೊಳಗೆ ಮಾನ್ವಿ ಮುಟ್ಟಬೇಕು ಎಂಬ ಅವಸರ ನನಗೆ. "ಇಲ್ರೀ, ನನ್ನ ಊಟ ಆಗ್ಯಾದ!" ಎಂದು ಕೈ ಬೀಸಿ ಮುಂದೆ ಹೋದೆ. ಮುಂದಿನ ಹೊಲದವರು ಕರೆದರು. "ಊಟ ಆಗ್ಯಾದ್ರಿ!" ಎಂದೆ. ಅದರ ಮುಂದಿನವರಿಗೂ ಅದನ್ನೇ ಹೇಳಲು ಬಾಯಿ ತೆರೆದೆ. ಅವತ್ತು ಅವ್ವನಿಗೆ ಹೇಳಿದ್ದೂ ಇದೇ ಮಾತು. ಬೆಳಗಿನಿಂದ ನೀರು ಬಿಟ್ಟು ಬೇರೆ ಏನೂ ಹೊಟ್ಟೆಗೆ ಹೋಗಿರಲಿಲ್ಲ. ಬ್ರೇಕು ಹಿಡಿದೆ.

ಕರೆದವಳು ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ ಗಟ್ಟಿ ಹೆಂಗಸು. "ಊಟ ಆಗ್ಯಾದೇನು ಯಪ್ಪಾ?" ಎಂದು ಕೇಳಿದಳು.

"ಇಲ್ಲವ್ವಾ," ಎಂದೆ. "ಆಗಿಲ್ಲ."

"ಮತ್ತ ಹಿಂದಿನ ಹೊಲದವ್ರಿಗೆ ಆಗ್ಯಾದ ಅಂತ ಒದರಿದ್ದು ಇಲ್ಲಿತನ ಕೇಳಿತಲ್ಲ!" ಎಂದು ನಕ್ಕಳು. "ಉಂಡವರ ಮಾರಿ ಹಿಂಗಿರಂಗಿಲ್ಲ. ಇಳೀರಿ."

ಇಳಿದೆ. ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಕಾಳು ಬೇಳೆ ಸೊಪ್ಪು ಎಲ್ಲ ಸೇರಿದ ಭಜ್ಜಿ, ಮೇಲೆ ಮಜ್ಜಿಗೆ. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಬಡಿಸಿದರು. ನಾನು ಯಾರು, ಯಾವ ಊರು ಎಂದು ಒಬ್ಬರೂ ಕೇಳಲಿಲ್ಲ. ಉಂಡಾದ ಮೇಲೆ ಕೇಳಿದರು. ಗಬ್ಬೂರಿನವರು ಚಹಾದ ಜೊತೆಗೇ ಕೇಳಿದ್ದರು. ಇವರ ಪದ್ಧತಿ ಬೇರೆ.

ಏಳಲು ನೋಡಿದರೆ ಏಳಲಾಗಲಿಲ್ಲ. ಹೊಟ್ಟೆಗೂ ತೊಡೆಗೂ ಜಗಳ. ತಪ್ಪೊಪ್ಪಿಗೆ ಬರೆಯಲು ಕೂತ ಮೇಲೆ ಎಲ್ಲವನ್ನೂ ಒಪ್ಪಿಕೊಳ್ಳಬೇಕು: ಸಿರವಾರ ದಾಟುವವರೆಗೆ ನಾನು ಸೈಕಲ್ ತುಳಿಯಲಿಲ್ಲ. ಅವರ ಟ್ರ್ಯಾಕ್ಟರಿನಲ್ಲಿ, ಖಾಲಿ ಬುಟ್ಟಿಗಳ ನಡುವೆ, ಸೈಕಲ್ಲನ್ನು ತಬ್ಬಿಕೊಂಡು ನಿದ್ದೆ ಮಾಡುತ್ತ ಹೋದೆ. ಆ ಹೆಂಗಸು ಎಬ್ಬಿಸಿ ಇಳಿಸಿದಳು. "ಯಪ್ಪಾ, ಬರೋ ವರ್ಷ ಇದ ಹಾದೀಲೆ ಬರ್ರಿ. ಸುಳ್ಳು ಹೇಳಬ್ಯಾಡ್ರಿ ಮತ್ತ," ಎಂದಳು.

ಮಾನ್ವಿ

ಕೃಷ್ಣೆಯ ಕಡೆಯಿಂದ ತುಂಗಭದ್ರೆಯ ಕಡೆಗೆ ಬಂದದ್ದು ಮೂಗಿಗೇ ತಿಳಿಯುತ್ತದೆ. ಹತ್ತಿ, ತೊಗರಿಯ ಒಣ ವಾಸನೆ ಹೋಗಿ ಕಾಲುವೆ ನೀರಿನ, ಭತ್ತದ ಹುಲ್ಲಿನ ವಾಸನೆ ಬರುತ್ತದೆ. ಅರ್ಧ ರಸ್ತೆಗೆ ಭತ್ತ ಒಣಹಾಕಿ, ಸುತ್ತ ಕಲ್ಲು ಇಟ್ಟಿದ್ದರು. ಅದರ ಅಂಚಿಗೆ ಹೋಗಿ ಗಾಲಿ ಜಾರಿ, ಭತ್ತದಲ್ಲಿ ಮೆತ್ತಗೆ ಬಿದ್ದೆ. ಮೈಯೆಲ್ಲ ಭತ್ತ ಅಂಟಿಸಿಕೊಂಡು ಮಾನ್ವಿ ಹೊಕ್ಕೆ.

ಓಣಿ ಹುಡುಕುವುದು ಕಷ್ಟವಾಗಲಿಲ್ಲ. ಮನೆಯ ಕಟ್ಟೆಯ ಮೇಲೆ, ಇಳಿಬಿಸಿಲಿಗೆ ಬೆನ್ನು ಕೊಟ್ಟು, ಅವನು ಕೂತಿದ್ದ. ಕೂದಲು ಪೂರಾ ಬೆಳ್ಳಗಾಗಿತ್ತು. ಬೆನ್ನು ನೋಡಿಯೇ ಗುರುತು ಹತ್ತಿತು.

ಸೈಕಲ್ ನಿಲ್ಲಿಸಿದೆ. ಎರಡು ಸಲ ಬೆಲ್ಲು ಹೊಡೆದೆ.

ಅವನು ತಿರುಗಲಿಲ್ಲ.

ಮತ್ತೆ ಎರಡು ಸಲ ಹೊಡೆದೆ. ಬೆನ್ನು ಅಲುಗಲಿಲ್ಲ. ಗುರುತು ಸಿಕ್ಕಿಯೂ ತಿರುಗುತ್ತಿಲ್ಲ, ತಿರುಗುವುದೂ ಬೇಡ, ನಾನು ಮಾಡಿದ್ದನ್ನೇ ಅವನು ಮಾಡುತ್ತಿದ್ದಾನೆ ಎಂದುಕೊಂಡೆ. ಹಾದಿಯಲ್ಲಿ ನಿಂತಿದ್ದೆ, ಕರೆಯುವವರಿಲ್ಲ. ಹಸಿವಿರಲಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಬಾಗಿಲಲ್ಲಿ ಅವನ ಮಗಳು ಹಸೀನಾ ಕಾಣಿಸಿಕೊಂಡಳು. ನನ್ನನ್ನು ನೋಡಿ, ಸೈಕಲ್ ನೋಡಿ, ಸೆರಗು ತಲೆಗೆಳೆದು ಓಡಿ ಬಂದಳು. "ಅಯ್ಯಣ್ಣ ಚಾಚಾ ಅಲ್ಲೇನ್ರಿ? ಬರ್ರಿ, ಬರ್ರಿ! ಬೆಲ್ ಹೊಡದ್ರ ಏನ್ ಬಂತ್ರಿ, ಅಬ್ಬಾಗ ಕಿವಿ ಪೂರಾ ಹೋಗ್ಯಾವ. ಕಿವ್ಯಾಗ ಬಾಯಿ ಇಟ್ಟು ಒದರಬೇಕು."

ಅವಳು ಅವನ ಭುಜ ಮುಟ್ಟಿ ತಿರುಗಿಸಿದಳು. ಅವನು ಮೊದಲು ನೋಡಿದ್ದು ಸೈಕಲ್ಲನ್ನು. ಆಮೇಲೆ ನನ್ನನ್ನು.

"ಅರೇ ಅಯ್ಯಣ್ಣ!" ಎಂದು ಕಿವುಡರ ದೊಡ್ಡ ದನಿಯಲ್ಲಿ ಕೂಗಿದ. ಓಣಿಯ ಬಾಗಿಲುಗಳು ತೆರೆದವು. "ಮೈಗೆಲ್ಲಾ ಭತ್ತ ಹಚ್ಕೊಂಡು ಬಂದೀಯಲ್ಲೋ! ಹೊಲ ಬಿತ್ತಾಕ ಬಂದಿಯೇನು?" ಎದ್ದು ಬಂದು ಒಂದೊಂದೇ ಕಾಳು ಆರಿಸಿ ತೆಗೆದ. ಹಾಗೆಯೇ ಬಗ್ಗಿ ಬ್ರೇಕಿನ ಕಡ್ಡಿ ಹಿಡಿದು ಅಲುಗಿಸಿದ. "ಇಷ್ಟು ಸಡ್ಲ ಬಿಟ್ಟೀಯಲ್ಲ, ಬೀಳದೇ ಏನ್ ಮಾಡ್ತಿ?" ಒಳಗಿನಿಂದ ಬೋಲ್ಟು ಬಿಗಿಯುವ ಪಾನಾ ತರಿಸಿ ಅಲ್ಲೇ ಕೂತುಬಿಟ್ಟ. ನಾನು ಬಂದ ಕೆಲಸ ಏನು ಎಂದು ಕೇಳಲಿಲ್ಲ. ಕೇಳಿದ್ದು ಇಷ್ಟೇ: "ಊಟ ಆತೇನೋ?"

"ನಿನ್ನ ಕೂಡ ಉಣ್ಣಬೇಕಂತ ಬಂದೀನಿ," ಎಂದೆ. ಅವನಿಗೆ ಕೇಳಲಿಲ್ಲ. ಬುತ್ತಿ ಬಿಚ್ಚಿ ಮುಂದಿಟ್ಟೆ. ಅದು ಅರ್ಥವಾಯಿತು. ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. ಹಲ್ಲಿಲ್ಲದ ಬಾಯಿ ಬಹಳ ಹೊತ್ತು ಆಡಿತು.

ಹಸೀನಾ ನೀರು ತಂದಿಡುತ್ತ ಹೇಳಿದಳು: "ನಿಮ್ಮವ್ವನ ಹೋಳಿಗಿ ಮಾತು ಅಬ್ಬಾ ಇವತ್ತಿಗೂ ಆಡ್ತಾರ್ರೀ ಚಾಚಾ. ಒಂದು ವರ್ಷ ಹಬ್ಬದ ಮರುದಿನ ಮುದುಕಿ ಒಬ್ಬಾಕೇ ಬಸ್ಸಿಗೆ ರಾಯಚೂರಿಗೆ ಬಂದು, ಅಂಗಡ್ಯಾಗ ಕುಂತು, ಇವರು ಉಣ್ಣೋತನಕ ಏಳಲಿಲ್ಲಂತ. ಮಗಗ ಹೇಳಬ್ಯಾಡ ಅಂದಿದ್ಲಂತ. ಯಾಕೋ, ಏನೋ."

ಯಾವ ವರ್ಷ ಎಂದು ನಾನು ಕೇಳಲಿಲ್ಲ. ಆ ಬೆಲ್ಲು ಅವ್ವನಿಗೂ ಗೊತ್ತಿತ್ತು. ಬಸ್ಸಿಗೆ ಹೆದರುತ್ತಿದ್ದ ಹೆಂಗಸು ಒಬ್ಬಳೇ ಹೋಗಿ, ನನ್ನ ಪಾಲಿನ ಕೆಲಸ ಮಾಡಿ ಬಂದಿದ್ದಳು. ಅವಳು ಸಾಯುವವರೆಗೂ ಇಬ್ಬರೂ ನನಗೆ ಹೇಳಲಿಲ್ಲ.

ಈಗ ಹೇಳಬೇಕು ಎಂದುಕೊಂಡೆ. ಅವನ ಕಿವಿಯ ಹತ್ತಿರ ಬಗ್ಗಿದೆ. "ತಪ್ಪಾತು," ಎಂದೆ. "ಹಾಂ?" ಎಂದ. "ಅವತ್ತು ಹೊಲದಾಗ ತಪ್ಪಾತು," ಎಂದೆ. "ಒದರ್ರಿ ಚಾಚಾ," ಎಂದಳು ಹಸೀನಾ. ಕಟ್ಟೆಯ ಸುತ್ತ ಆಗಲೇ ಓಣಿಯ ಜನ ಕೂಡಿದ್ದರು. ಹಸೀನಾಳ ಅತ್ತೆ, ಎದುರು ಮನೆಯವರು, ರಾಯಚೂರಿನಿಂದ ಸೈಕಲ್ ಮೇಲೆ ಬಂದ ಮುದುಕನನ್ನು ನೋಡಲು ಬಂದವರು. ಒದರಲು ಬಾಯಿ ತೆರೆದೆ. ಅವತ್ತಿನ ನಾಚಿಕೆಯೇ ಮತ್ತೆ ಬಂತು. ಅವತ್ತೂ ಒದರಬೇಕಾಗಿತ್ತು, ಒದರಲಿಲ್ಲ. ಇವತ್ತೂ ಆಗಲಿಲ್ಲ. ಕೊನೆಗೆ ಪಿಸುಮಾತಿನಲ್ಲೇ ಮತ್ತೊಮ್ಮೆ ಹೇಳಿದೆ. ಅವನು ನಕ್ಕು ತಲೆಯಾಡಿಸಿದ. ಕೇಳದವರು ಎಲ್ಲದಕ್ಕೂ ಹಾಗೆಯೇ ತಲೆಯಾಡಿಸುತ್ತಾರೆ. ಅದನ್ನೇ ಮಾಫಿ ಎಂದು ಕಟ್ಟಿಕೊಂಡು ಊರಿಗೆ ಬಂದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು.

ಆದರೂ ಅಂದಿನ ಸಂಜೆಯಷ್ಟು ಸುಖವಾದ ಸಂಜೆ ನನಗೆ ನೆನಪಿಲ್ಲ. ಒಂದೇ ತಟ್ಟೆಯಲ್ಲಿ ಉಂಡೆವು. ಅವನು ಬ್ರೇಕು ಬಿಗಿದ, ಚೈನಿಗೆ ಎಣ್ಣೆ ಬಿಟ್ಟ, ಆಮೇಲೆ ಆ ಕಪ್ಪು ಕೈಯನ್ನು ನನ್ನ ಬಿಳಿ ಅಂಗಿಯ ಹೆಗಲ ಮೇಲೆ ಹಾಕಿಕೊಂಡು ಕೂತ. ಕಲೆ ಇನ್ನೂ ಹೋಗಿಲ್ಲ. ಬಸಮ್ಮ ತಿಕ್ಕಲು ಹೋದಾಗ ಬೇಡವೆಂದೆ.

ಬೆಳಿಗ್ಗೆ ಹೊರಡುವಾಗ ಹಸೀನಾಳನ್ನು ಕೇಳಿದೆ, ಅಪ್ಪನಿಗೆ ಹೊತ್ತು ಹೇಗೆ ಹೋಗುತ್ತದೆ ಎಂದು. "ಅಬ್ಬಾ ಸಾಲಿಗೆ ಹೋದವರಲ್ಲಲ್ರಿ. ದಿನಾ ಮುಂಜಾನಿ ನಾನೇ ಪೇಪರ್ ಓದತೀನಿ. ಒದರಿ ಒದರಿ ಓದಬೇಕು. ನಮ್ಮ ಓಣ್ಯಾಗ ಮಂದಿ ಪೇಪರ್ ತರಸೋದ ಬಿಟ್ಟಾರ ಚಾಚಾ, ನಾ ಓದಿದ್ದ ಅವರಿಗೂ ಸಾಕಾಗ್ತದ," ಎಂದು ನಕ್ಕಳು.

ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಊರಿಗೆ ಬಂದೆ. ಹಾದಿಯುದ್ದಕ್ಕೂ ಅವಳ ಮಾತೇ ತಲೆಯಲ್ಲಿತ್ತು. ನನಗೆ ಒದರಲು ಬರುವುದಿಲ್ಲ, ಬರೆಯಲು ಸ್ವಲ್ಪ ಬರುತ್ತದೆ. ಆದರೂ ಬರೆಯಲು ಒಂದು ವರ್ಷ ಹಿಡಿಯಿತು. ಈ ಬರಹ ಅಚ್ಚಾದ ದಿನ ಒಂದು ಪ್ರತಿ ಮಾನ್ವಿಗೆ ಹೋಗುತ್ತದೆ.

ಹಸೀನಾ, ಮಗಳೇ, ಇಲ್ಲಿಯವರೆಗೆ ಹೇಗೆ ಓದಿದೆಯೋ ಗೊತ್ತಿಲ್ಲ. ಇನ್ನು ಮುಂದಿನದನ್ನು ಅಬ್ಬಾನ ಕಿವಿಗೆ ಬಾಯಿಟ್ಟು, ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಓದು. ಬಾಗಿಲು ತೆರೆದಿರಲಿ. ಓಣಿಯೆಲ್ಲ ಕೇಳಲಿ.

ಅವತ್ತು ಹಾದಿಯಲ್ಲಿ ನಿಂತವನು ಹಾದಿಹೋಕನಲ್ಲ, ನನ್ನ ಗೆಳೆಯ. ಅವನ ಊಟ ಆಗಿರಲಿಲ್ಲ. ನಾನು ಸುಳ್ಳು ಹೇಳಿದೆ. ತಪ್ಪಾಯಿತು. ಎಲೆ ಹಾಕಿದ್ದೀನಿ, ಕಡುಬಿನ ಬುಟ್ಟಿ ಇನ್ನೂ ಬಿಚ್ಚಿಲ್ಲ. ಬೆಲ್ಲು ಕೇಳಿತು, ಇಳಿದು ಬಾರೋ.

ಊಟಕ್ಕ ಬಾರೋ, ಮೈಬೂಬಾ!